ಕೋಳಿಗೆ ಹೆನ್ ಅನ್ನಬೇಕು

ಪರಿಮಳ ಶಾಲೆಯ ಮಿಸ್ ಆದಳೆಂಬುದು ತಿಗನಾರೆಯ ಕೂಲಿಯವರ ಕೇರಿಯಲ್ಲಿ ಒಂದು ತಿಂಗಳು ನಡೆದ ಮಾತು. ಆ ಕೇರಿಯ ಹೆಂಗಸರು ಬೆಳಗಾದರೆ ಬುತ್ತಿ ಕಟ್ಟಿಕೊಂಡು ಕೋಸಿನ ಹೊಲಕ್ಕೋ ಅರಿಶಿನದ ಹೊಲಕ್ಕೋ ಹೋಗುವವರು. ಸೀರೆಗೆ ಪಿನ್ನು ಹಾಕಿ, ಹೆಗಲಿಗೆ ಬ್ಯಾಗು ಏರಿಸಿ, ಐದು ವರ್ಷದ ಮಗಳು ಮೇಘಳ ಕೈ ಹಿಡಿದು ತಾಳವಾಡಿ ಬಸ್ಸಿಗೆ ನಿಲ್ಲುವ ಸೊಸೆಯನ್ನು ಅವರು ಹಿಂದೆ ಕಂಡಿರಲಿಲ್ಲ. ಪರಿಮಳ ಹನ್ನೆರಡನೇ ಕ್ಲಾಸು ಮುಗಿಸಿದವಳು. ಮದುವೆಯಾದ ಮೇಲೂ ಭಾನುವಾರಗಳಂದು ಹೋಗಿ ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿ ಮಾಡಿಕೊಂಡಿದ್ದಳು. ತಾಳವಾಡಿ ರಸ್ತೆಯ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಯುಕೆಜಿಯ ಮಿಸ್ ಬಿಟ್ಟು ಹೋದಾಗ ಆ ಜಾಗ ಇವಳಿಗೆ ಸಿಕ್ಕಿತು.

ಸಂಬಳ ಕೂಲಿಗಿಂತ ಕಡಿಮೆ. ಆದರೆ ಅಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಫೀಸಿಲ್ಲ. ಆ ಒಂದು ಮಾತಿಗಾಗಿಯೇ ಪರಿಮಳ ಸೇರಿದ್ದು.

ಅತ್ತೆ ಚೌಡಮ್ಮನಿಗೆ ಇದು ತಲೆಗೆ ಹತ್ತಲಿಲ್ಲ.

"ಒಲಕ್ಕೋದ್ರೆ ಇದ್ರ ಎಲ್ಡರಷ್ಟು ತತ್ತಿದ್ದೆ ಕಣಮ್ಮಿ ನೀನು," ಎಂದಳು ಒಂದು ಸಂಜೆ, ಮುದ್ದೆ ತೊಳಸುತ್ತಾ. "ನಿಂತ್ಕಂಡು ಬಾಯ್ ನೋಯಿಸ್ಕಳದು, ಮ್ಯಾಲೆ ದಿನಾ ಒಗೆದಾಕದು ಒಂದು ಸೀರೆ."

"ಕೂಸ್ಗೆ ಪೀಸಿಲ್ವಲ್ಲತ್ತೆ."

"ಸರ್ಕಾರಿ ಇಸ್ಕೂಲ್ಗೂ ಪೀಸಿಲ್ಲ. ಮದ್ಯಾನ ಅನ್ನನೂ ಆಕ್ತರೆ."

ಗಂಡ ನಿಂಗರಾಜು ತಟ್ಟೆಯ ಮುಂದೆ ಕೂತಿದ್ದ. ಮೇಟುಪಾಳ್ಯಕ್ಕೆ ಹೋಗುವ ಲಾರಿಗಳಿಗೆ ಕೋಸಿನ ಮೂಟೆ ಹೇರುವುದು ಅವನ ಕೆಲಸ. ಸಂಜೆಯ ಹೊತ್ತಿಗೆ ಬಲ ಹೆಗಲು ಎತ್ತಲು ಬರುತ್ತಿರಲಿಲ್ಲ. "ಓದ್ಲಿ ಬುಡವ್ವ," ಎಂದ. "ನಾನಂತೂ ಮೂಟೆ ಒರಕ್ಕೇ ಉಟ್ಟಿವ್ನಿ."

ಪರಿಮಳಳಿಗೆ ಶಾಲೆಯ ಕೆಲಸ ಮನೆಗೂ ಬರುತ್ತಿತ್ತು. ಕೇರಿಯಲ್ಲಿ ಯಾರ ಮನೆಗೆ ಮದುವೆಯ ಕಾಗದ ಬಂದರೂ ಅದನ್ನು ಈಸಿಕೊಂಡು, ಬರಹವಿಲ್ಲದ ಬೆನ್ನ ಮೇಲೆ ಒಂದು ಮನೆಯ ಚಿತ್ರ ಬರೆಯುತ್ತಿದ್ದಳು. ಸೂರಿನ ಕೆಳಗೆ ಇಂಗ್ಲಿಷಿನ ಎರಡಕ್ಷರ. ಅದರ ಎಡಕ್ಕೆ ಎರಡು ಸೀಳು, ಸೀಳಿನೊಳಗೆ ಬಿಡಿ ಅಕ್ಷರಗಳನ್ನು ಬರೆದ ಉದ್ದನೆಯ ಪಟ್ಟಿ. ಪಟ್ಟಿ ಎಳೆದಂತೆ ಮೊದಲ ಅಕ್ಷರ ಬದಲಾಗುತ್ತದೆ, ಕೊನೆಯ ಎರಡು ಅಲ್ಲೇ ನಿಲ್ಲುತ್ತವೆ. ಕ್ಯಾಟ್, ಬ್ಯಾಟ್, ಮ್ಯಾಟ್, ರ‍್ಯಾಟ್.

"ಎಲ್ಲಾ ಒಂದೇ ತರ ಕೇಳ್ತದಲ್ಲಮ್ಮಿ," ಎಂದಳು ಚೌಡಮ್ಮ, ಪಟ್ಟಿಯನ್ನು ಬೆರಳಿಂದ ಮುಟ್ಟಿ ನೋಡಿ.

"ಒಂದೇ ಮನೇವು ಕನತ್ತೆ. ಮೊಕ ಬ್ಯಾರೆ, ಬಾಲ ಒಂದೇ. ಬಾಲ ಗೊತ್ತಾಗ್ಬುಟ್ರೆ ಮಕ್ಳು ಮೊಕ ನೋಡಿ ಓದ್ಬುಡ್ತವೆ."

ಅದು ನಿಜವೂ ಆಯಿತು. ಎ ಬಿ ಸಿ ಡಿ ಬಾಯಿಪಾಠ ಒಪ್ಪಿಸಿ, ಪುಸ್ತಕ ಬಿಡಿಸಿದರೆ ಮುಖ ಮುಖ ನೋಡುತ್ತಿದ್ದ ಮಕ್ಕಳು ಪಟ್ಟಿ ಎಳೆದೆಳೆದು ತಾವೇ ಓದತೊಡಗಿದವು. ಅವುಗಳಲ್ಲಿ ಪರಿಮಳಳ ಸೆರಗು ಬಿಡದ ಕೂಸು ಅನುಶ್ರೀ. ಚೌಡಮ್ಮ ಮೂವತ್ತು ವರ್ಷದಿಂದ ಕಳೆ ಕೀಳುತ್ತಿದ್ದುದು ಈ ಅನುಶ್ರೀಯ ಮನೆಯವರ ಹೊಲದಲ್ಲೇ. ಅಜ್ಜಿ ಪುಟ್ಟನಂಜಮ್ಮ ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುವಾಕೆ; ಅಪ್ಪ ಪ್ರಕಾಶ್ ಕಾರಿನಲ್ಲಿ ಮಗಳನ್ನು ಶಾಲೆಗೆ ಬಿಡುವವನು.

ಆಗಸ್ಟಿನಲ್ಲಿ ಶಾಲೆಯವರು ಪರಿಮಳಳನ್ನು ಎರಡು ದಿನದ ತರಬೇತಿಗೆ ಘಟ್ಟದ ಕೆಳಗಿನ ತಮಿಳು ಊರು ಸತ್ಯಮಂಗಲಕ್ಕೆ ಕಳಿಸಿದರು. ಅಲ್ಲಿ ಕಲಿಸಲು ಬಂದಿದ್ದ ಹೆಂಗಸು ಎಲ್ಲರಿಗೂ ಬಾಯಿ ಮುಂದೆ ಅಂಗೈ ಹಿಡಿಯಲು ಹೇಳಿದಳು. ಹ್ಯಾಟ್ ಅನ್ನಿ, ಹೆನ್ ಅನ್ನಿ, ಹಟ್ ಅನ್ನಿ. ಉಸಿರು ಅಂಗೈಗೆ ಬೆಚ್ಚಗೆ ಬಡಿಯಬೇಕು. ಪರಿಮಳಳ ಅಂಗೈಗೆ ಏನೂ ಬಡಿಯಲಿಲ್ಲ. "ಆಟ್, ಎನ್, ಅಟ್," ಎಂದಿದ್ದಳು ಅವಳು. ಪಕ್ಕದವರು ತಿರುಗಿ ನೋಡಿ ನಕ್ಕರು. ಹಕಾರವನ್ನು ಸ್ಲೇಟಿನ ಮೇಲೆ ನೂರು ಸಲ ತಿದ್ದಿದವಳೇ. ಆದರೆ ಹಳ್ಳಿಯನ್ನು ಅಳ್ಳಿ, ಹೊಲವನ್ನು ಒಲ, ಹಾಲನ್ನು ಆಲು ಎನ್ನುವ ಸೀಮೆಯಲ್ಲಿ ಬೆಳೆದವಳು. ಬಸ್ಸು ದಿಂಬದ ಘಾಟಿಯ ತಿರುವುಗಳನ್ನು ಹತ್ತುವಷ್ಟು ಹೊತ್ತೂ ಅಂಗೈಯನ್ನು ಬಾಯಿ ಮುಂದೆ ಹಿಡಿದು ಕೂತಿದ್ದಳು. ಪಕ್ಕದಾಕೆ ವಾಂತಿ ಬರುತ್ತಿದೆಯೇನೋ ಎಂದು ಪ್ಲಾಸ್ಟಿಕ್ ಕವರು ಕೊಟ್ಟಳು.

ಮೂರು ವಾರ ಒಲೆಯ ಮುಂದೆ ಅದೇ ಅಭ್ಯಾಸ.

"ಏನಮ್ಮಿ, ಒಲೆ ಉರೀತಾನೇ ಅದೆ, ಇನ್ಯಾಕ್ ಊದೀಯೆ?" ಎಂದು ಚೌಡಮ್ಮ ನಕ್ಕಳು.

ಉಸಿರು ಹಿಡಿತಕ್ಕೆ ಬಂತು. ಬಂದ ಮೇಲೆ ಪರಿಮಳಳಿಗೆ ಒಂದು ಹೆದರಿಕೆ ಹಿಡಿಯಿತು. ತಾನು ದೊಡ್ಡವಳಾಗಿ ಕಂಡ ನಗೆಯನ್ನು ಮಗಳು ಕಾಣಬಾರದು. ಸಂಜೆ ಮನೆಗೆ ಬಂದದ್ದೇ ಮೇಘಳನ್ನು ಜಗುಲಿಯ ಮೇಲೆ ಕೂರಿಸಿ, ಅವಳ ಪುಟ್ಟ ಅಂಗೈಯನ್ನು ಅವಳ ಬಾಯಿಗೇ ಹಿಡಿಸುತ್ತಿದ್ದಳು.

"ಕೋಳಿಗೆ ಏನಂತರೆ?"

"ಎನ್."

"ಕೈಗೆ ಗಾಳಿ ಬಂತಾ?"

"ಇಲ್ಲ."

"ಮತ್ತೆ? ಕೋಳಿಗೆ ಹೆನ್ ಅನ್ಬೇಕು. ಹ್, ಹ್, ಹೆನ್."

"ಎನ್."

ಪರಿಮಳ ಶಾಲೆಯಲ್ಲಿ ಯಾವ ಮಗುವನ್ನೂ ಗದರಿದವಳಲ್ಲ. ಮನೆಯಲ್ಲಿ ಮಗಳ ತೊಡೆ ಚಿವುಟಿದಳು. ಮೇಘ ಕಿರುಚಿದ್ದು ಕೇಳಿ ಚೌಡಮ್ಮ ಒಳಗಿನಿಂದ ಬಂದಳು.

"ಆ ಕೂಸ ಯಾಕಮ್ಮಿ ಇಂಗೆ ಗೋಳುಯ್ಕತ್ತಿಯೆ? ಎಲ್ಲಾರೂ ಮಾತಾಡ್ದಂಗೆ ಅದೂ ಮಾತಾಡ್ತದೆ."

"ಎಲ್ಲಾರಂಗೆ ಮಾತಾಡಿ ಎಲ್ಲಾರಂಗೆ ಕಳೆ ಕೀಳ್ಬೇಕಾ ಅತ್ತೆ?"

ಚೌಡಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅಂದು ಸೊಸೆಗೆ ಊಟಕ್ಕೂ ಕರೆಯಲಿಲ್ಲ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮೇಘ ಅಂಗೈ ಹಿಡಿಯದೆಯೂ ಹೆನ್ ಅಂದಳು. ಪರಿಮಳ ಅವಳ ಕೆನ್ನೆಗೆ ಮುತ್ತಿಟ್ಟು, "ಜಾಣೆ. ಇಸ್ಕೂಲಲ್ಲಿ ಅಜ್ಜಿ ತರ ಮಾತಾಡ್ಬ್ಯಾಡ ಮಗ, ಎಲ್ರೂ ನಗ್ತರೆ," ಎಂದಳು.

ದೀಪಾವಳಿ ಕಳೆದು, ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬವೂ ಮುಗಿದ ಮಾರನೆಯ ವಾರ ಶಾಲೆಯಲ್ಲಿ ಓದುವ ದಿನ ಇಟ್ಟಿದ್ದರು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸತ್ಯಮಂಗಲದಿಂದ ಬಂದ ಒಬ್ಬ ಅತಿಥಿ. ಶಾಲೆಯ ಯಜಮಾನ ಶಂಕರ್ ಬಿಳಿ ಪಂಚೆಯುಟ್ಟು ಎದುರುಗೊಳ್ಳುತ್ತಿದ್ದ. ಅವನೂ ಸತ್ಯಮಂಗಲದ ಕಡೆಯವನೇ. ಹತ್ತು ವರ್ಷದಿಂದ ಇಲ್ಲಿದ್ದು ಕನ್ನಡ ಕಲಿತಿದ್ದ. ಯುಕೆಜಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಪಟ್ಟಿ ಎಳೆದು ಓದುವುದು ಕಾರ್ಯಕ್ರಮದ ಮೊದಲ ಭಾಗ.

ಅನುಶ್ರೀಗೆ ಬಂದದ್ದು ಇ, ಎನ್ ಅಕ್ಷರಗಳ ಮನೆ. ಪಟ್ಟಿ ಎಳೆದು, "ಟೆನ್, ಪೆನ್, ಮೆನ್," ಎಂದಳು. ಕೊನೆಯಲ್ಲಿ ಕೋಳಿಯ ಚಿತ್ರವಿತ್ತು. ಮೈಕಿನಲ್ಲಿ ತನ್ನ ಧ್ವನಿ ಗುಡುಗಿದ್ದಕ್ಕೆ ಬೆದರಿ, ಕಣ್ಣು ಪಿಳಿಪಿಳಿ ಮಾಡಿ, "ಎನ್," ಎಂದಳು.

"ಎನ್ನ?" ಎಂದ ಅತಿಥಿ, ಕಿವಿಗೆ ಕೈ ಇಟ್ಟು. ತಮಿಳಿನಲ್ಲಿ ಏನು ಎಂದು ಕೇಳಿದ ಹಾಗೆ.

ಶಾಮಿಯಾನವೆಲ್ಲ ನಕ್ಕಿತು. ಅನುಶ್ರೀ ಮತ್ತೊಮ್ಮೆ, "ಎನ್," ಎಂದಳು. ಅವನು ಮತ್ತೊಮ್ಮೆ, "ಎನ್ನ?" ಎಂದ. ಕೂಸು ಅಳತೊಡಗಿತು. ಪರಿಮಳ ಓಡಿಹೋಗಿ ಎತ್ತಿಕೊಂಡಳು. ಅಷ್ಟರಲ್ಲಿ ಅದೇ ಕ್ಲಾಸಿನ ಸಾಲಿನಲ್ಲಿ ಅನುಶ್ರೀಯ ಹಿಂದೆ ನಿಂತಿದ್ದ ಮೇಘ ಮೈಕಿನ ಮುಂದೆ ಬಂದು, ಯಾರೂ ಕರೆಯದೆ, ಅದೇ ಪಟ್ಟಿ ಎಳೆದು ಗಟ್ಟಿಯಾಗಿ ಓದಿಬಿಟ್ಟಳು: "ಟೆನ್, ಪೆನ್, ಮೆನ್, ಹೆನ್!"

ಅತಿಥಿ ಚಪ್ಪಾಳೆ ತಟ್ಟಿದ. "ಯಾರ ಮಗು ಇದು?" ಎಂದು ಕೇಳಿದ. "ನಮ್ಮ ಮಿಸ್ ಮಗಳು," ಎಂದ ಶಂಕರ್, ಹೆಮ್ಮೆಯಿಂದ.

ಕಾರ್ಯಕ್ರಮ ಮುಗಿದದ್ದೇ ಪ್ರಕಾಶ್ ಆಫೀಸು ಕೋಣೆಗೆ ಬಂದ. ಇನ್ನೂ ನಾಲ್ಕೈದು ಮಂದಿ ಅಪ್ಪಂದಿರು ಅಲ್ಲೇ ಕಾಫಿ ಕುಡಿಯುತ್ತಿದ್ದರು. ಪರಿಮಳಳನ್ನು ಕರೆಸಿದರು.

"ನಿಮ್ ಕೂಸ್ಗೆ ಎಂಗೆ ಬಂತು? ನಮ್ ಕೂಸ್ಗೆ ಯಾಕ್ ಬರ್ನಿಲ್ಲ?" ಎಂದ ಪ್ರಕಾಶ್. "ಮನೇಲಿ ಮಗ್ಳಿಗೆ ಒಂದು ಏಳ್ಕೊಡದು, ಇಲ್ಲಿ ದುಡ್ಡು ಕೊಟ್ಟೋರ್ ಮಕ್ಳಿಗೆ ಇನ್ನೊಂದು ಏಳ್ಕೊಡದು. ಕೂಲಿ ಕೇರಿ ಬಾಯಿ ನಮ್ ಮಕ್ಳಿಗೆ ಅಂಟ್ಕತ್ತಾ ಅದೆ, ಶಂಕರ್ ಸಾರ್."

"ಹಾಗಲ್ಲ ಸಾರ್," ಎಂದಳು ಪರಿಮಳ. ಅವಳಿಗೆ ಸಿಟ್ಟೇನೂ ಬಂದಿರಲಿಲ್ಲ. ಮಗುವಿನ ತಪ್ಪಲ್ಲ ಎಂದು ತಿಳಿಸಬೇಕಿತ್ತು, ಅಷ್ಟೇ. "ಕ್ಲಾಸಲ್ಲಿ ಅನುಶ್ರೀ ಚೆನ್ನಾಗೇ ಹೇಳ್ತಾಳೆ. ಹೆದರಿಕೊಂಡಾಗ ಮನೇಲಿ ಕೇಳಿದ ಮಾತು ಬಂದ್ಬಿಡುತ್ತೆ. ಈಗ ನೀವೂ ಎಂಗೆ ಅಂದ್ರಿ, ಏಳ್ಕೊಡದು ಅಂದ್ರಿ. ನಮ್ಮ ಕಡೆ ಎಲ್ರಿಗೂ ಅದೇ..."

ಕಾಫಿ ಕುಡಿಯುತ್ತಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಪ್ರಕಾಶ್ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದ.

ಮಾರನೆಯ ದಿನ ಶಂಕರ್ ಅವಳನ್ನು ಕರೆಸಿದ; ಕೂರಲು ಹೇಳಲಿಲ್ಲ.

"ಉಚ್ಚಾರಣೆ ತಿದ್ದಬಹುದಿತ್ತಮ್ಮ. ಅದು ದೊಡ್ಡ ವಿಷಯ ಅಲ್ಲ. ನಾಲ್ಕು ಜನರ ಎದುರಿಗೆ ಪೇರೆಂಟಿಗೆ ಹಾಗೆ ಹೇಳಬಹುದಾ? ತಮ್ಮ ಕಡೆಯವರ ಹನ್ನೆರಡು ಮಕ್ಕಳನ್ನ ಬಿಡಿಸ್ತೀನಿ ಅಂತಿದ್ದಾರೆ."

"ತಪ್ಪಾಯ್ತು ಸಾರ್. ಅವರ ಹತ್ರ ಬೇಕಾದ್ರೆ ನಾನೇ ಹೋಗಿ ಕೇಳ್ಕೋತೀನಿ."

"ಬೇಡ. ಕ್ಲಾಸಿಗೆ ಬೇರೆ ಮಿಸ್ ಬರ್ತಾರೆ. ನಿನ್ನನ್ನ ಪೂರ್ತಿ ಕಳಿಸೋದಿಲ್ಲ. ಆಯಾ ಕೆಲಸ ಖಾಲಿ ಇದೆ. ಸಂಬಳ ಅದೇ, ಮಗಳ ಫೀಸೂ ಹಾಗೇ. ಸರಿನಾ?" ಒಂದು ಹಾಳೆಯನ್ನು ಅವಳತ್ತ ತಳ್ಳಿದ. "ಇಲ್ಲಿ ಕೈಯೆಳುತ್ತು ಹಾಕು." ಸಹಿ ಎನ್ನುವಲ್ಲಿ ಅವನ ತಮಿಳೇ ಬಂದಿತ್ತು.

ಅಲ್ಲಿಯವರೆಗೆ ಅವನು ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಪರಿಮಳ ಸಹಿ ಹಾಕಲಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಮೇಘಳನ್ನು ಕ್ಲಾಸಿನಿಂದ ಕರೆದುಕೊಂಡು ಹೊರಟಳು.

ಮನೆಗೆ ಬಂದರೆ ಚೌಡಮ್ಮ ಆಗಲೇ ಜಗುಲಿಯ ಮೇಲಿದ್ದಳು. ಬುತ್ತಿ ಬಿಚ್ಚದೆ ಪಕ್ಕದಲ್ಲಿತ್ತು.

"ಒಲಕ್ಕೋಗ್ನಿಲ್ವ ಅತ್ತೆ?"

"ಓಗಿದ್ದೆ. ಸಾಲ್ನಲ್ಲಿ ಕೂತ್ಕಳಕ್ಕೆ ಬುಡ್ನಿಲ್ಲ ಪುಟ್ಟನಂಜಮ್ಮೋರು. ನಿನ್ ಸೊಸೆ ನಮ್ ಮಗನ್ ಬಾಯಿ ತಿದ್ದಕ್ಕೆ ಬಂದವ್ಳಂತೆ, ಅವ್ಳ ಸಂಬಳ್ದಲ್ಲೇ ಉಣ್ಣೋಗು ಅಂದ್ರು." ಚೌಡಮ್ಮ ಬುತ್ತಿಯ ಗಂಟನ್ನು ಅತ್ತ ತಳ್ಳಿದಳು. "ಅಷ್ಟು ಜನ ಎಣ್ಣಾಳ್ಗಳ ಮುಂದೆ."

ಆ ಸಂಜೆ ಮೂರು ಜನರೂ ಮಾತಾಡಿದರು. ಮಾತಿಗಿಂತ ಕೂಗಾಟವೇ ಹೆಚ್ಚು.

"ಬುಟ್ಬುಡು," ಎಂದ ನಿಂಗರಾಜು. "ಮಿಸ್ ಅಂತ ಓಗ್ತಿದ್ದೋಳು ಕಕ್ಕಸ್ ತೊಳ್ಯಕ್ಕೋಗ್ಬ್ಯಾಡ. ಕೂಸ್ನ ನಮ್ಮೂರ್ ಇಸ್ಕೂಲ್ಗೆ ಸೇರ್ಸು. ನೀನು ಕೋಸ್ ಕುಯ್ಯಕ್ಕೆ ಬಾ."

"ಯಾರ್ ಕರೆದಾರು ಕೋಸ್ ಕುಯ್ಯಕ್ಕೆ? ಅವ್ರ್ ಕರೀದಿದ್ರೆ ಈ ಊರಲ್ಲಿ ಇನ್ಯಾರೂ ಕರಿಯಲ್ಲ," ಎಂದಳು ಚೌಡಮ್ಮ. "ಓಗಮ್ಮಿ. ಅವ್ರು ಕೊಟ್ಟ ಕೆಲ್ಸ ಮಾಡು."

"ಅತ್ತೆ, ನಾನು ತಪ್ಪೇನ್ ಅಂದೆ? ಇದ್ದದ್ನೇ ಅಂದೆ."

"ನಾನೂ ಕಂಡಿವ್ನಿ ಇದ್ದದ್ನ. ಮೂವತ್ತೊರ್ಸದಿಂದ ದಿನಾ ಕಂಡಿವ್ನಿ. ಬಾಯಿ ಮುಚ್ಕಂಡು ಬಗ್ಗಿವ್ನಿ. ಅದ್ಕೇ ಇವ್ನು ಇಷ್ಟುದ್ದ ಆದ, ನೀನು ಈ ಮನೆಗೆ ಬಂದೆ. ನಿಂಗೆ ಒಂದೊರ್ಸ ಬಗ್ಗಕಾಗಲ್ವ?"

"ಅವ್ವ, ಸುಮ್ಕಿರು!" ಎಂದ ನಿಂಗರಾಜು.

"ನೀನೂ ಸುಮ್ಕಿರ್ಲಾ. ಎಗ್ಲು ಎತ್ತಕ್ಕಾಗಲ್ಲ, ನಾಳಿಕೆ ಮೂಟೆ ಬುಟ್ರೆ ನಿನ್ನ ಯಾರ್ ಸಾಕರು?"

ಮೇಘ ಮೂಲೆಯಲ್ಲಿ ಕೂತು ಖಾಲಿ ತಟ್ಟೆಯನ್ನು ನೋಡುತ್ತಿದ್ದಳು. ಯಾರೂ ಅವಳಿಗೆ ಬಡಿಸಿರಲಿಲ್ಲ. ಪರಿಮಳ ಎದ್ದು ಮುದ್ದೆ ಇಟ್ಟು ಸಾರು ಬಿಟ್ಟಳು.

"ನಾಳೆ ಇಸ್ಕೂಲ್ ಅದಾ?" ಎಂದು ಕೇಳಿದಳು ಮೇಘ.

ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಮೇಘ ದಿನವೂ ಬೆಳಿಗ್ಗೆ ಎದ್ದು ತಾನೇ ಯೂನಿಫಾರಂ ಹಾಕಿಕೊಂಡು ಬಸ್ಸು ಬರುವತನಕ ಜಗುಲಿಯಲ್ಲಿ ಕೂತು, ಬಸ್ಸು ಹೋದ ಮೇಲೆ ಬಿಚ್ಚಿಡುತ್ತಿದ್ದಳು. ಚೌಡಮ್ಮ ಬೇರೆ ಎರಡು ಹೊಲ ಕೇಳಿ ಬಂದಳು. ಎರಡೂ ಕಡೆ ಆಳು ಸಾಕಾಗಿದೆ ಎಂದರು. ಐದನೆಯ ದಿನ ಪರಿಮಳ ಮಗಳ ಜಡೆ ಹೆಣೆದು, ತಾನು ಹಳೆಯ ಸೀರೆಯೊಂದನ್ನು ಉಟ್ಟುಕೊಂಡಳು. ನಿಂಗರಾಜು ನೋಡಿ ಲಾರಿಯ ಕಡೆ ನಡೆದ.

ಆಯಾಗೆ ಮೇಲೆ ತೊಡಲು ನೀಲಿ ಕೋಟು ಕೊಟ್ಟರು. ಮಕ್ಕಳನ್ನು ಕಕ್ಕಸಿಗೆ ಕರೆದೊಯ್ಯುವುದು, ತೊಳೆಯುವುದು, ಊಟದ ನಂತರ ನೆಲ ಒರೆಸುವುದು. ಯುಕೆಜಿಗೆ ಲೋಕೇಶ್ವರಿ ಎಂಬ ಹೊಸ ಮಿಸ್ ಬಂದಿದ್ದಳು. ಸತ್ಯಮಂಗಲದವಳು, ಮೆತ್ತನೆ ಮಾತಿನವಳು. ಮೊದಲ ವಾರವೇ ಬೀರುವಿನಲ್ಲಿದ್ದ ಮದುವೆ ಕಾಗದದ ಮನೆಗಳನ್ನು ತೆಗೆದು ನೋಡಿ, ನೆಲ ಒರೆಸುತ್ತಿದ್ದ ಪರಿಮಳಳಿಗೆ ತೋರಿಸಿದಳು.

"ತುಂಬ ಚೆನ್ನಾಗಿದೆ ಇದು. ಯಾರು ಮಾಡಿದ್ದು?"

"ಮುಂಚೆ ಇದ್ದ ಮಿಸ್," ಎಂದಳು ಪರಿಮಳ.

"ಕೆಲಸ ಬಿಟ್ಟು ಯಾಕೆ ಹೋದ್ರು?"

"ಗೊತ್ತಿಲ್ಲ ಮಿಸ್," ಎಂದು ಬಕೆಟ್ಟು ಎತ್ತಿಕೊಂಡು ಹೊರಗೆ ಬಂದಳು.

ಪರಿಮಳ ಆಯಾ ಆದ ಸುದ್ದಿ ಪುಟ್ಟನಂಜಮ್ಮನಿಗೆ ಮುಟ್ಟಿತು. ಡಿಸೆಂಬರ್ ಮೊದಲ ವಾರ ಚೌಡಮ್ಮನಿಗೆ ಹೊಲದಿಂದ ಕರೆ ಬಂತು. ಅವಳು ಹೋದಳು. ಸಂಜೆ ಬರುವಾಗ ಸೆರಗಿನಲ್ಲಿ ಎರಡು ಕೋಸು ಕಟ್ಟಿಕೊಂಡು ಬಂದು, "ಅಮ್ಮೋರೇ ಕೊಟ್ರು," ಎಂದು ಒಲೆಯ ಬಳಿ ಇಟ್ಟಳು. ಪರಿಮಳ ಅದನ್ನು ಹೆಚ್ಚಿ ಪಲ್ಯ ಮಾಡಿದಳು. ನಿಂಗರಾಜು ಆ ಪಲ್ಯ ಮುಟ್ಟಲಿಲ್ಲ.

ಮನೆಯಲ್ಲಿ ಜಗಳವೂ ನಿಂತುಹೋಗಿತ್ತು. ಊಟದ ಹೊತ್ತಿಗೆ ಮಾತಾಡುವವಳು ಮೇಘ ಒಬ್ಬಳೇ. ಅವಳು ಪುಸ್ತಕ ಹಿಡಿದು ಪುಟ ಪುಟ ಓದುತ್ತಿದ್ದಳು. ಕ್ಲಾಸಿನಲ್ಲಿ ಅವಳಿಗೇ ಮೊದಲ ಸ್ಥಾನ.

"ಬಾವ್ವ, ಇಟ್ಟು ತಣ್ಗಾಯ್ತದೆ," ಎಂದು ಚೌಡಮ್ಮ ಕರೆದಳು ಒಂದು ಸಂಜೆ.

"ಇಟ್ಟು ಅಲ್ಲ ಅಜ್ಜಿ, ಹಿಟ್ಟು."

ಚೌಡಮ್ಮ ನಕ್ಕಳು. "ಏನೋ ಒಂದು. ಉಣ್ಣು ಬಾ."

"ಹಿಟ್ಟು ಅನ್ನು, ಬರ್ತೀನಿ."

"ನನ್ ಬಾಯ್ಗೆ ಬರಲ್ಲ ಕಣ್ ಕೂಸೆ."

"ಅನ್ನು!" ಮೇಘ ಬಂದು ಅಜ್ಜಿಯ ಕೈ ಹಿಡಿದು ಅವಳ ಬಾಯಿಗೆ ಒತ್ತಿದಳು. "ಗಾಳಿ ಬರ್ಬೇಕು. ಬಂತಾ?"

ಚೌಡಮ್ಮ ಮೊಮ್ಮಗಳನ್ನು ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು. ಕೈ ಬಿಡಿಸಿಕೊಂಡು ತನ್ನ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಉಂಡಳು.

ಪರಿಮಳ ಮಗಳ ಪಕ್ಕದಲ್ಲಿ ಕೂತು, "ಅಜ್ಜಿಗೆ ಅಂಗೆಲ್ಲ ಅನ್ಬಾರ್ದು ಮಗ," ಎಂದಳು.

ಮೇಘ ಸ್ವಲ್ಪ ಹೊತ್ತು ಮುದ್ದೆಯನ್ನು ಕೆದಕಿದಳು. "ಅವ್ವ, ನೀನು ಸ್ಕೂಲಲ್ಲಿ ನನ್ನ ಹತ್ರ ಮಾತಾಡ್ಬೇಡ."

"ಯಾಕೆ?"

"ಆಯಾ ಮಗಳು ಅಂತಾರೆ. ನೀನು ಮಾತಾಡದೇ ಇದ್ರೆ ಹೊಸಬ್ರಿಗೆ ಗೊತ್ತಾಗಲ್ಲ."

ನಿಂಗರಾಜು ತಟ್ಟೆ ಬಿಟ್ಟು ಎದ್ದ. ಕೈ ಎತ್ತಿದ, ಎತ್ತಿದ್ದು ಎಡಗೈ. ಪರಿಮಳ ನಡುವೆ ಬಂದು ನಿಂತಳು.

"ಒಡೀಬ್ಯಾಡ. ನಾನೇ ಏಳ್ಕೊಟ್ಟಿದ್ದು," ಎಂದಳು. ಮಗಳ ಕಡೆ ತಿರುಗಿ, "ಆಗ್ಲಿ ಮಗ. ಮಾತಾಡಲ್ಲ," ಎಂದಳು.

ಮಾರನೆಯ ದಿನದಿಂದ ಬಸ್ಸಿಳಿದದ್ದೇ ಮೇಘ ಮುಂದೆ ಓಡುವಳು, ಪರಿಮಳ ಹಿಂದೆ ನಿಧಾನವಾಗಿ ಬರುವಳು. ಮೇಘಳ ಶೂ ದಾರ ಬಿಚ್ಚಿದ್ದರೆ ಬಗ್ಗಿ ಕಟ್ಟುವಳು, ಮೂಗು ಒರೆಸುವಳು, ಬೇರೆ ಮಕ್ಕಳಿಗೆ ಮಾಡುವ ಹಾಗೆಯೇ. ಒಬ್ಬಳಿಗೆ ಮಾತ್ರ ಮಾತು ಬಿಟ್ಟರೆ ಕಾಣಿಸುತ್ತದೆಂದು ಎಲ್ಲ ಮಕ್ಕಳ ಜೊತೆಗೂ ಮಾತು ಬಿಟ್ಟಳು.

ಅರ್ಧವಾರ್ಷಿಕ ಪರೀಕ್ಷೆಯ ವಾರ ಒಂದು ಬೆಳಿಗ್ಗೆ ಅನುಶ್ರೀ ಪರೀಕ್ಷೆಯ ಹೆದರಿಕೆಗೆ ಕೂತಲ್ಲೇ ಉಚ್ಚೆ ಮಾಡಿಕೊಂಡಳು. ಲೋಕೇಶ್ವರಿ ಕರೆದಳು. ಪರಿಮಳ ಕೂಸನ್ನು ನಲ್ಲಿಯ ಬಳಿ ನಿಲ್ಲಿಸಿ, ಒದ್ದೆ ಚಡ್ಡಿ ತೆಗೆದು, ಕಾಲಿಗೆ ನೀರು ಹೊಯ್ದಳು. ಡಿಸೆಂಬರಿನ ನೀರು ಕೊರೆಯುತ್ತಿತ್ತು. ಅನುಶ್ರೀ ನಡುಗುತ್ತಾ ಅವಳ ಹೆಗಲು ಹಿಡಿದುಕೊಂಡಳು.

"ಮಿಸ್," ಎಂದಳು ಪಿಸುಮಾತಿನಲ್ಲಿ. "ಮಿಸ್, ನನ್ ಮೇಲೆ ಕೋಪನಾ?"

ಪರಿಮಳ ತಲೆ ಅಲ್ಲಾಡಿಸಿದಳು.

"ಮತ್ತೆ ಯಾಕ್ ಮಾತಾಡಲ್ಲ ಮಿಸ್?"

ಅಷ್ಟರಲ್ಲಿ ಪ್ಯಾಸೇಜಿನ ಬಾಗಿಲಲ್ಲಿ ಮೇಘ ಬಂದು ನಿಂತಿದ್ದಳು, ಕೈಯಲ್ಲಿ ಖಾಲಿ ನೀರಿನ ಬಾಟಲಿ. ಅವಳ ಹಿಂದೆ ಇನ್ನೂ ಇಬ್ಬರು ಹುಡುಗಿಯರು. ಮೇಘ ತಾಯಿಯನ್ನೇ ನೋಡುತ್ತಿದ್ದಳು.

ಪರಿಮಳ ಟವೆಲಿನಿಂದ ಅನುಶ್ರೀಯ ಕಾಲು ಒರೆಸಿ, ಒಣ ಚಡ್ಡಿ ಹಾಕಿ, ಲಂಗ ಸರಿಮಾಡಿದಳು.

"ಮಿಸ್ ಅನ್ಬಾರ್ದು ಚಿನ್ನ," ಎಂದಳು. "ಆಯಾ ಅನ್ಬೇಕು."

"ಆಯಾ," ಎಂದಳು ಅನುಶ್ರೀ.

"ಆಯ್ತು, ಹೋಗು."

ಅನುಶ್ರೀ ಕ್ಲಾಸಿನ ಕಡೆ ಓಡಿದಳು. ಮೇಘ ಮುಂದೆ ಬಂದು, ನಲ್ಲಿಗೆ ಬಾಟಲಿ ಹಿಡಿದು, ತುಂಬುವವರೆಗೆ ನಿಂತಿದ್ದು ಗೆಳತಿಯರ ಜೊತೆ ಹೊರಟುಹೋದಳು. ಪರಿಮಳ ಚಡ್ಡಿಯನ್ನು ಹಿಂಡಿ ಬೇಲಿಯ ಮೇಲೆ ಒಣಹಾಕಿದಳು.